ಕಲ್ಯಾಣಮ್ಮನವರ ಎಡಗೈ ಕಟ್ಟಿಹಾಕಿದವರು ಯಾರು?

ಇದು 2003ರ ಮಾತು. ಮಗಳ ಬಾಣಂತನ ಮುಗಿಸಿಕೊಂಡು ಮೂರು ತಿಂಗಳ ಮೇಲೆ ಮೈಸೂರಿನಿಂದ ಬೆಂಗಳೂರಿನ ಚಾಮರಾಜಪೇಟೆಯ ಮನೆಗೆ ಬಂದೆ. ಚೀಲ ಇಳಿಸಿದವಳೇ ಪಕ್ಕದ ಮನೆಗೆ ಓಡಿದೆ. ಅಲ್ಲಿನ ಕಲ್ಯಾಣಮ್ಮ ನನಗೆ ಮೂವತ್ತು ವರ್ಷದ ಗೆಳತಿ. ನಾನು ಮೈಸೂರಿಗೆ ಹೊರಡುವ ಮುಂಚೆ ಅವರು ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುತ್ತಾ ತಲೆ ಸುತ್ತಿ ಬಿದ್ದಿದ್ದರು. ನಾಡಿ ತೀರಾ ನಿಧಾನವಾಗಿದೆ, ಎದೆಯ ಎಡಭಾಗದಲ್ಲಿ ಚರ್ಮದ ಕೆಳಗೆ ಪೇಸ್‌ಮೇಕರ್ ಇಟ್ಟು, ಅಲ್ಲಿಂದ ಹೃದಯಕ್ಕೆ ವೈರ್ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ ಚೆನ್ನಾಗಿ ಆಯಿತೆಂದು ಫೋನಿನಲ್ಲಿ ಕೇಳಿದ್ದೆ. ಈಗ ಆರಾಮಾಗಿ ಓಡಾಡಿಕೊಂಡಿರುತ್ತಾರೆ ಅಂದುಕೊಂಡಿದ್ದೆ.

ಓಡಾಡುವುದೆಲ್ಲಿ ಬಂತು! ಕುರ್ಚಿಯಲ್ಲಿ ಬೊಂಬೆ ಹಾಗೆ ಕೂತಿದ್ದರು. ಎಡಗೈಯನ್ನು ಮಡಿಸಿ, ಎದೆಗೆ ಒತ್ತಿ, ಹಳೇ ಪಂಚೆಯಲ್ಲಿ ಬಿಗಿದು ಕಟ್ಟಿತ್ತು. ಅವರ ಯಜಮಾನರು ಸಿದ್ದಬಸಪ್ಪನವರು ಪಕ್ಕದಲ್ಲಿ ಕೂತು ಇಡ್ಲಿ ಮುರಿದು ಬಾಯಿಗೆ ಇಡುತ್ತಿದ್ದರು. ಬಲಗೈ ಮಾತ್ರ ಏನೂ ಕೆಲಸವಿಲ್ಲದೆ ತೊಡೆಯ ಮೇಲಿತ್ತು.

ನಾನು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವಳು. ಮೈಯೆಲ್ಲ ಉರಿದುಹೋಯಿತು.

“ಇದೇನ್ರೀ ಇದು? ಕೈ ಮುರಿದಿದೆಯಾ?” ಎಂದೆ.

“ಮುರಿದಿಲ್ಲ ಗೋದಮ್ನೋರೆ” ಎಂದರು ಸಿದ್ದಬಸಪ್ಪನವರು. “ಕೈ ಆಡಿಸಿದ್ರೆ ಒಳಗಿರೋ ವೈರ್ ಕಿತ್ಕೊಂಡು ಬಂದ್ಬಿಡುತ್ತಂತೆ. ನಮ್ಮ ತರಗುಪೇಟೆ ಅಂಗಡಿ ಗುಮಾಸ್ತ ಓಬಳಪ್ಪ ಹೇಳ್ದ. ಅವನ ನೆಂಟರಿಗೆ ಹಂಗೇ ಆಯ್ತಂತೆ.”

“ಓಬಳಪ್ಪ ಯಾವ ಮೆಡಿಕಲ್ ಕಾಲೇಜಲ್ಲಿ ಓದಿದ್ದು?”

“ನೀವು ತಮಾಷೆ ಮಾಡ್ಬೇಡಿ. ಆಸ್ಪತ್ರೆಯೋರೂ ಕೈ ಎತ್ಬೇಡಿ ಅಂದ್ರು. ಎತ್ತದೇ ಇರ್ಬೇಕು ಅಂದ್ರೆ ಕಟ್ಟೋದೇ ಕ್ಷೇಮ ಅಲ್ವಾ? ನಾನೇ ದಿನಾ ಬೆಳಗ್ಗೆ ಕಟ್ತೀನಿ.”

ಹೆಮ್ಮೆಯಿಂದಲೇ ಹೇಳಿದರು. ಹೆಂಡತಿಯನ್ನು ಉಳಿಸಿಕೊಳ್ಳುವ ಆಸೆ ಪಾಪ. ಆದರೆ ಅತಿಯಾದರೆ ಅಮೃತವೂ ವಿಷ. ನಾನು ಪಂಚೆ ಬಿಚ್ಚಿಸಿದೆ. ಕೈ ಕೆಳಗೆ ಇಳಿಸುವುದಕ್ಕೇ ಕಲ್ಯಾಣಮ್ಮನವರ ಕಣ್ಣಲ್ಲಿ ನೀರು ಬಂತು. ಭುಜ ಮರಗಟ್ಟಿಹೋಗಿತ್ತು.

ಸಿದ್ದಬಸಪ್ಪನವರು ಕಾಫಿ ತರಲು ಒಳಗೆ ಹೋದಾಗ ಕಲ್ಯಾಣಮ್ಮ ಮೆಲ್ಲಗೆ ಹೇಳಿದರು: “ಗೋದಮ್ಮ, ಮೂರು ತಿಂಗಳಿಂದ ನಾನು ಲಿಂಗಪೂಜೆ ಮಾಡಿಲ್ಲ.”

ಪೂಜೆಯಾಗದೆ ಬಾಯಿಗೆ ತೊಟ್ಟು ನೀರು ಹಾಕದ ಹೆಂಗಸು ಅವರು. ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣೆದುರು ಹಿಡಿದು, ಬಲಗೈಯಿಂದ ವಿಭೂತಿ, ಪತ್ರೆ ಏರಿಸಬೇಕು. ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

“ಬಲಗೈಲಿ ಇಟ್ಕೊಂಡ್ರೆ ವಿಭೂತಿ ಯಾವ ಕೈಲಿ ಹಚ್ಲಿ? ಒಂದಿನ ಕದ್ದು ಎಡಗೈ ಬಿಚ್ಕೊಂಡೆ. ನೋವಿಗೆ ಗಡಗಡ ನಡುಗ್ತು. ಲಿಂಗ ಜಾರಿ ಬಿದ್ದುಬಿಟ್ರೆ? ಹೆದರಿ ಬಿಟ್ಟೆ. ಸುಮ್ನೆ ಮುಟ್ಟಿ ನಮಸ್ಕಾರ ಮಾಡಿ ಉಣ್ತೀನಿ. ಅನ್ನ ಗಂಟಲಲ್ಲಿ ಇಳಿಯಲ್ಲ.”

ಆಸ್ಪತ್ರೆಯ ಕಾಗದ ತೋರಿಸಿ ಎಂದೆ. ಎಕ್ಸರೇ ಜೊತೆ ಬೀರುವಿನಲ್ಲಿ ಭದ್ರವಾಗಿತ್ತು. ಪೂರ್ತಿ ಇಂಗ್ಲಿಷ್. ಮೊದಲ ಸಾಲಿನಲ್ಲಿ, ಆರು ವಾರ ಎಡ ಮೊಣಕೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ, ಭಾರ ಹೊರಬೇಡಿ ಎಂದಿತ್ತು. ಎರಡನೇ ಸಾಲಿನಲ್ಲಿ, ಭುಜದ ಮಟ್ಟಕ್ಕಿಂತ ಕೆಳಗೆ ಕೈಯನ್ನು ದಿನಾ ನಿಧಾನವಾಗಿ ಆಡಿಸುತ್ತಿರಿ, ಆಡಿಸದೆ ಬಿಟ್ಟರೆ ಭುಜ ಬಿಗಿಯುತ್ತದೆ ಎಂದಿತ್ತು. ಬಿಡುಗಡೆಯ ದಿನ ಯಾರೋ ಮೊದಲ ಸಾಲಿನ ಅರ್ಧ ಹೇಳಿ ಪಕ್ಕದ ಹಾಸಿಗೆಗೆ ಹೋದರಂತೆ. ಹೊಲಿಗೆ ನೋಡಿಸಲು ಹೋದಾಗಲೂ ಇವರು ಕೈ ಕಟ್ಟಿಕೊಂಡೇ ಹೋಗಿದ್ದರಂತೆ. ಯಾಕಮ್ಮ ಕಟ್ಟಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ.

ನರ್ಸ್ ಆದರೂ ನಾನೇ ಆ ಕೈಯನ್ನು ಎಳೆದಾಡಲಿಲ್ಲ. ಮಾರನೇ ದಿನ ಗಂಡ ಹೆಂಡತಿ ಇಬ್ಬರನ್ನೂ ಆಟೋ ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪೇಸ್‌ಮೇಕರ್ ಪರೀಕ್ಷಿಸಿ, ಎಕ್ಸರೇ ನೋಡಿ, “ವೈರ್ ಗಟ್ಟಿಯಾಗಿ ಕೂತಿದೆ. ಅದಕ್ಕೆ ಏನೂ ಆಗಿಲ್ಲ. ಭುಜ ಮಾತ್ರ ಹಿಡ್ಕೊಂಡಿದೆ” ಎಂದರು.

ಕಲ್ಯಾಣಮ್ಮ ಕೇಳಿದರು: “ಡಾಕ್ಟ್ರೇ, ನಾನು ಪೂಜೆ ಯಾವಾಗಿಂದ ಮಾಡ್ಬಹುದಿತ್ತು?”

“ಹೇಗೆ ಮಾಡ್ತೀರಿ, ತೋರಿಸಿ ಅಮ್ಮ.”

ಎಡಗೈ ಏಳದ್ದರಿಂದ ಅವರು ಬಲಗೈಯನ್ನೇ ಮಡಿಸಿ, ಅಂಗೈಯನ್ನು ಎದೆಯ ಮುಂದೆ ಹಿಡಿದು ತೋರಿಸಿದರು.

“ಇಷ್ಟೇನಾ? ಮೊಣಕೈ ಭುಜಕ್ಕಿಂತ ಕೆಳಗೇ ಇದೆಯಲ್ಲ! ಮನೆಗೆ ಹೋದ ದಿನದಿಂದಲೇ ಮಾಡಬಹುದಿತ್ತು.”

ಕಲ್ಯಾಣಮ್ಮ ಗಂಡನ ಕಡೆ ತಿರುಗಿದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಕೇಳಿದ್ರಾ? ಮೂರು ತಿಂಗಳು! ಓಬಳಪ್ಪನ್ನ ಕೇಳಿದ್ರಿ. ಈ ಡಾಕ್ಟ್ರನ್ನ ಒಂದು ಮಾತು ಕೇಳ್ಲಿಲ್ಲ. ನನ್ನನ್ನಂತೂ ಕೇಳ್ಲೇ ಇಲ್ಲ.”

ಸಿದ್ದಬಸಪ್ಪನವರು ತಲೆ ತಗ್ಗಿಸಿದರು. ನನ್ನ ಸಿಟ್ಟು ಅವರೊಬ್ಬರ ಮೇಲಲ್ಲ. ಡಾಕ್ಟರನ್ನೂ ಕೇಳಿದೆ: “ಆ ಎರಡನೇ ಸಾಲನ್ನ ಕನ್ನಡದಲ್ಲಿ ಬರೆಯೋಕೆ ನಿಮಗೆ ಎಷ್ಟು ಇಂಕು ಬೇಕು ಸ್ವಾಮಿ?”

“ತಪ್ಪು ನಮ್ಮದೂ ಇದೆಯಮ್ಮ” ಎಂದು ಒಪ್ಪಿಕೊಂಡರು. ಒಪ್ಪಿಕೊಂಡರೆ ಹೋದ ಮೂರು ತಿಂಗಳು ಬರುತ್ತದೆಯೇ?

ಆವತ್ತಿನಿಂದ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಶುರುವಾಯಿತು. ಬಗ್ಗಿ ನಿಂತು ಕೈಯನ್ನು ಇಳಿಬಿಟ್ಟು ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದೇ ಇಂಚು ನಡೆಸುವುದು. ಎಷ್ಟು ಎತ್ತರ ಹೋಯಿತೆಂದು ಸಿದ್ದಬಸಪ್ಪನವರೇ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದರು. ಕೆಲವು ದಿನ ಗೆರೆ ಮೇಲೇರುತ್ತಲೇ ಇರಲಿಲ್ಲ. ನೋವಿಗೆ ಅತ್ತು, ಅವರನ್ನೂ ನನ್ನನ್ನೂ ಸೇರಿಸಿ ಬೈದು, ಕಲ್ಯಾಣಮ್ಮ ಮತ್ತೆ ಗೋಡೆಯ ಮುಂದೆ ನಿಲ್ಲುತ್ತಿದ್ದರು.

ಏಳನೇ ವಾರದ ಒಂದು ಸೋಮವಾರ ಬೆಳಗ್ಗೆ ನನ್ನನ್ನು ಕರೆಸಿದರು. ಸ್ನಾನ ಮಾಡಿ ಮಣೆಯ ಮೇಲೆ ಕೂತಿದ್ದರು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಎದೆಯ ಮುಂದೆ ಹಿಡಿದರು. ಕೈ ಸ್ವಲ್ಪ ನಡುಗಿತು, ಆದರೆ ನಿಂತಿತು. ಬಾಗಿಲ ಬಳಿ ನಿಂತಿದ್ದ ಸಿದ್ದಬಸಪ್ಪನವರು ಅಳುತ್ತಿದ್ದರು. ಪೂಜೆ ಮುಗಿಸಿ ಕಲ್ಯಾಣಮ್ಮ ತಟ್ಟೆ ತರಿಸಿಕೊಂಡು, ತಮ್ಮ ಕೈಯಿಂದಲೇ ಹೊಟ್ಟೆ ತುಂಬಾ ಉಂಡರು. ತುರುಬಿಗೆ ಹೂ ಮುಡಿಯುವಷ್ಟು ಎತ್ತರಕ್ಕೆ ಆ ಕೈ ಇವತ್ತಿಗೂ ಹೋಗುವುದಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ರೇಗುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಹಾಕಿದ್ದರೆ ದಯವಿಟ್ಟು ಕೇಳಿ. ಡಾಕ್ಟರು ಹೇಳಿದಷ್ಟು ವಾರ ಆ ಕಡೆಯ ಮೊಣಕೈ ಭುಜಕ್ಕಿಂತ ಮೇಲೆ ಹೋಗಬಾರದು, ಬಿಂದಿಗೆ, ಚೀಲ ಎತ್ತಬಾರದು. ಆದರೆ ಕೈಯನ್ನು ಕಟ್ಟಿಹಾಕಬೇಡಿ. ಊಟ ಮಾಡಲಿ, ಗುಂಡಿ ಹಾಕಿಕೊಳ್ಳಲಿ, ಬೆರಳು, ಮಣಿಕಟ್ಟು, ಮೊಣಕೈ ಆಡಿಸಲಿ. ಗಾಯ ಊದಿದರೆ, ಕೀವು ಬಂದರೆ, ಜ್ವರ ಬಂದರೆ, ಮತ್ತೆ ತಲೆ ಸುತ್ತಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಿಡುಗಡೆಯ ದಿನ ಏನು ಮಾಡಬಾರದು ಎಂದು ಅವರೇ ಹೇಳುತ್ತಾರೆ. ಏನು ಮಾಡಬಹುದು, ಯಾವತ್ತಿನಿಂದ ಮಾಡಬಹುದು ಎಂದು ನೀವು ಕೇಳಿ. ಕನ್ನಡದಲ್ಲಿ ಹೇಳಿಸಿಕೊಳ್ಳಿ. ಉತ್ತರ ಸಿಗುವವರೆಗೂ ಆಸ್ಪತ್ರೆಯ ಮೆಟ್ಟಿಲು ಇಳಿಯಬೇಡಿ.