ಒಂದು ಕಿವಿಗೆ ನಾಲ್ಕು ಇಕ್ಕಳ

ಕುಂದಾಣದ ಕದಿರಮ್ಮನ ಬಲಗಿವಿ ಮೂರೇ ದಿನದಲ್ಲಿ ಬದನೆಕಾಯಿಯಷ್ಟು ಊದಿಕೊಂಡಿತು. ಓಲೆಯ ಹಿಂದಿನ ತಿರುಪು ಮಾಂಸದೊಳಗೆ ಹೂತುಹೋಗಿ, ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಓಲೆ ಬಿಚ್ಚಿಸಿಕೊಂಡು ಬನ್ನಿ ಎಂದಿದ್ದರು ಡಾಕ್ಟರು. ಅಕ್ಕಸಾಲಿಯ ಹತ್ತಿರ ಹೋಗಲು ಮುದುಕಿ ಒಪ್ಪಲಿಲ್ಲ. ಅವನು ಉಸಿರು ಬಿಟ್ಟರೂ ಗುಲಗಂಜಿ ಚಿನ್ನ ಹಾರುತ್ತದೆ ಎಂಬುದು ಅವಳ ನಂಬಿಕೆ. ಕೊನೆಗೆ ಸೊಸೆ ಯಶಸ್ವಿನಿ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿದ್ದ ತನ್ನ ತಮ್ಮ ದೇವೇಂದ್ರನನ್ನು ಕರೆಸಿದಳು.

ಅವನು ಜಗಲಿಯ ಮೇಲೆ ಚೀಲ ಸುರಿದ. ನಾಲ್ಕು ಇಕ್ಕಳ ಬಿದ್ದವು.

“ಒಂದು ಕಿವಿಗೆ ನಾಲ್ಕ್ ಯಾಕಪ್ಪಾ? ತಲೇನೂ ಬಿಚ್ಚೀಯಾ?” ಮುದುಕಿ ಸೆರಗಿನಿಂದ ಕಿವಿ ಮುಚ್ಚಿಕೊಂಡಳು.

“ಒಂದೊಂದಕ್ಕೂ ಒಂದೊಂದು ಕೆಲಸ ಅತ್ತೆ. ಈ ದೊಡ್ದು ವಾಟರ್ ಪಂಪ್ ಪ್ಲೇಯರ್, ಪೈಪ್ ಹಿಡಿಯೋಕೆ.”

“ಮೊಸಳೆ ಬಾಯಿ ಇದ್ದಂಗದೆ. ಆಚೆ ಇಡು. ಇದೇನು?”

“ಸರ್ಕ್ಲಿಪ್ ಪ್ಲೇಯರ್. ಹಿಡಿ ಅದುಮಿದ್ರೆ ಬಾಯಿ ಬಿಡುತ್ತೆ. ಮಿಷಿನ್ ಒಳಗಿನ ಲಾಕು ಅಗಲ ಮಾಡಿ ತೆಗೆಯೋಕೆ.”

“ಎಲ್ಲಾ ಇಕ್ಕಳ ಅದುಮಿದ್ರೆ ಬಾಯಿ ಮುಚ್ತವೆ, ಇದು ಬಿಡ್ತದಾ? ನಿಯತ್ತಿಲ್ಲದ್ದು. ಅದೂ ಆಚೆಗೆ!”

ಉಳಿದವು ಎರಡು. ಕೊಕ್ಕರೆ ಮೂತಿಯ ನೋಸ್ ಪ್ಲೇಯರಿನಿಂದ ತಿರುಪು ಹಿಡಿಯುವುದು, ಕಟಿಂಗ್ ಪ್ಲೇಯರಿನಿಂದ ಓಲೆಯ ಕಡ್ಡಿ ಕತ್ತರಿಸುವುದು. ಅದಕ್ಕೂ ಮೊದಲು ಕದಿರಮ್ಮ ಅವನ ಅಂಗಿಯ ತೋಳು ಮಡಚಿಸಿದಳು, ಜೇಬು ಹೊರಗೆಳೆಸಿದಳು, ಬಾಯಿ ತೆರೆಸಿ ನಾಲಗೆಯ ಕೆಳಗೂ ನೋಡಿದಳು. ಆಮೇಲೆ ಕನ್ನಡಿ ಹಿಡಿದು, ಅವನ ಬೆರಳುಗಳನ್ನು ರೆಪ್ಪೆ ಬಡಿಯದೆ ಕಾದಳು.

ಟಕ್ ಎಂದಿತು. ನೋವು ಇಳಿಯಿತು. ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾಳೆ, ಮೇಲೆ ಹಳದಿ, ಕತ್ತರಿಸಿದ ಜಾಗದಲ್ಲಿ ಕೆಂಪು ತಾಮ್ರ! ಗಂಡ ಚಿಕ್ಕಬೀರಪ್ಪ ಬದುಕಿದ್ದಾಗ ಅಪ್ಪಟ ಚಿನ್ನವೆಂದು ತಂದುಕೊಟ್ಟ ಓಲೆ ಅದು.

“ಬದಲಾಯಿಸ್ಬಿಟ್ಟ! ಕಣ್ಮುಂದೇನೇ ಬದಲಾಯಿಸ್ಬಿಟ್ಟ!”

ಆ ಕೂಗಿಗೆ ಆಕಾಶದಲ್ಲಿ ಹೋಗುತ್ತಿದ್ದ ವಿಮಾನವೂ ಅಲುಗಾಡಿರಬೇಕು. ಪಕ್ಕದ ಮನೆಯ ಮುನಿವೆಂಕಟಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ದೇವೇಂದ್ರ ಇಕ್ಕಳ ಕೆಳಗಿಟ್ಟ. “ಅತ್ತೆ, ಕಳ್ಳ ಅನ್ನಿಸ್ಕೊಂಡು ಅಕ್ಕನ ಮನೆ ಹೊಸಿಲು ಹೆಂಗೆ ತುಳೀಲಿ?”

“ಎಡಗಿವೀದು ಅವನು ಮುಟ್ಟೇ ಇಲ್ಲ,” ಎಂದಳು ಯಶಸ್ವಿನಿ. “ನೀವೇ ಬಿಚ್ಚಿ, ನೀವೇ ಕತ್ತರಿಸಿ ನೋಡಿ ಅತ್ತೆ.”

ಕದಿರಮ್ಮ ಎಡಗಿವಿಯ ಓಲೆ ಬಿಚ್ಚಿದಳು. ಇಕ್ಕಳ ಹಿಡಿದವಳ ಕೈ ತಡೆಯಿತು. ಒಳಗೆ ಹಳದಿಯಿದ್ದರೆ ಕಳ್ಳ ಈ ಹುಡುಗ. ಕೆಂಪಿದ್ದರೆ?

“ಕತ್ತರಿಸಕ್ಕಾ, ನಾನೂ ನೋಡ್ತೀನಿ,” ಎಂದಳು ಮುನಿವೆಂಕಟಮ್ಮ.

ಕಣ್ಣು ಮುಚ್ಚಿ ಅದುಮಿದಳು. ತೆರೆದಾಗ ಅದೂ ಕೆಂಪೇ.



“ಕಳ್ಳ ಇವನಲ್ಲ ಕಣೇ ಮುನಿವೆಂಕಟಮ್ಮ,” ಎಂದಳು ಮುದುಕಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. “ನಮ್ಮನೆಯೋರು! ನನ್ನ ಕಣ್ತಪ್ಪಿಸಿ ಒಂದು ಬೀಡಿ ಸೇದಕ್ಕೆ ಆಗ್ದಿದ್ದ ಗಂಡ್ಸು, ಇದನ್ನ ಹೆಂಗೆ ಮಾಡ್ದ?”

ಗೋಡೆಯ ಮೇಲಿನ ಗಂಡನ ಫೋಟೋವನ್ನು ಓರೆಗಣ್ಣಿನಿಂದ ನೋಡಿದಳು.

“ಯಶಸ್ವಿನಿ, ನಿಮ್ಮ ಮಾವ ತಂದಿದ್ದ ಗುಂಡಿನ ಸರ ತಗೊಂಡ್ಬಾ. ದೇವೇಂದ್ರ, ಎಲ್ಲಿಗೆ ಹೊಂಟೆ? ಕೂತ್ಕೋ, ಊಟ ಮಾಡ್ಕೊಂಡು ಹೋಗುವಂತೆ. ಆ ಕಟಿಂಗ್ ಪ್ಲೇಯರು ಇಲ್ಲಿ ಕೊಡು.”