ನಾಲ್ಕು ಸಾಲು ಆನೆಹುಲ್ಲು

ಗ್ರಾಮಸೇವಕ ಸೋಮಲಿಂಗಪ್ಪನವರು ಕೊಡಿಸಿದ ಸೀಮೆಗೊಬ್ಬರ ಹಾಕಿದ ಮೇಲೆ ನನ್ನ ಹಸುವಿನ ಮೇವಿನ ಆನೆಹುಲ್ಲು ಬೈರಸಂದ್ರದಲ್ಲಿ ಯಾರೂ ಹಿಂದೆ ಕಂಡಿರದ ಹಾಗೆ ಎದ್ದಿತು. ಕಡುಹಸಿರು, ಆಳೆತ್ತರ. ಹೊಲ ಇರುವುದು ಜಯನಗರದ ದಾರಿಯಲ್ಲೇ. ನಿಂತು ನೋಡದವರಿಲ್ಲ.

"ಈಗ್ಲೇ ಕುಯ್ಯಣ ಕಣಯ್ಯ. ಬಲಿತ್ರೆ ಹಸ ಮೂಸೂ ನೋಡಲ್ಲ" ಎಂದಳು ಹೆಂಡತಿ ಮಂಗಮ್ಮ.

"ಹಿಂದ್ಗಡೆ ಅಂಚಲ್ಲಿ ದಿನಕ್ಕೊಂದು ಹೊರೆ ಕುಯ್ಕೊ. ಬಾಕಿದು ಮುಟ್ಟಿದ್ರೆ ಕುಡುಗೋಲು ಬಾವಿಗೆ ಎಸಿತೀನಿ!" ಎಂದು ರೇಗಿದೆ.

ಆಗ ಸಂಕ್ರಾಂತಿ. ದಿನಾ ಬೆಳಿಗ್ಗೆ ಹಸುವನ್ನು ಜಯನಗರದ ಮೀನಾಕ್ಷಮ್ಮನವರ ಬಾಗಿಲಿಗೇ ಹೊಡೆದುಕೊಂಡು ಹೋಗಿ, ಅವರ ಕಣ್ಣೆದುರೇ ಹಾಲು ಕರೆದು ಕೊಡುತ್ತಿದ್ದೆ. ನೀರು ಬೆರೆಸುವ ಮಾತೇ ಇಲ್ಲ.

"ಬೈರಣ್ಣ, ಯುಗಾದಿಗೆ ಮಗಳು ಬಾಣಂತನಕ್ಕೆ ಬರ್ತಾಳೆ. ಈ ಒಂದು ಸೇರು ಸಾಲಲ್ಲ. ಎರಡು ಆಗದಿದ್ರೆ ಎಮ್ಮೆಯವನನ್ನ ಗೊತ್ತು ಮಾಡ್ಕೋತೀನಿ" ಎಂದರು. ಹತ್ತು ವರ್ಷದ ಮನೆ ಕೈತಪ್ಪಬಾರದೆಂದು ಒಪ್ಪಿಕೊಂಡೆ.

ಹುಲ್ಲು ಎರಡಾಳು ಎತ್ತರ ಬೆಳೆಯಿತು. ಹಾಲೂ ಏರಿತು. ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು. ಹುಲ್ಲು ಕುಯ್ದು ಹಸುವಿಗೆ ಹಾಕುವುದು ಮಂಗಮ್ಮನ ಕೆಲಸ; ನಾನು ದಾರಿಬದಿಯಲ್ಲೇ ನಿಂತು, ಬಲಿತ ಹುಲ್ಲಿನ ಕಸುವು ನೋಡಿ ಎಂದು ದಾರಿಹೋಕರಿಗೆಲ್ಲ ಸಾರಿದೆ.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಸೋಮಲಿಂಗಪ್ಪನವರು ಬಂದು ಒಂದು ದಂಟು ಮುರಿಯಲು ನೋಡಿದರು. ಆಗಲಿಲ್ಲ.

"ಇದು ಬಿದಿರು ಕಣ್ರೀ! ಗೊಬ್ಬರದಿಂದ ಬೆಳೆ ಹೆಚ್ಚತ್ತೆ, ಸತ್ವಾನೂ ಬರತ್ತೆ. ಆದ್ರೆ ಸತ್ವ ಇರೋದು ಎಳೇ ಎಲೇಲಿ. ಇದನ್ನ ತಿಂದು ಯಾವ ಹಸೂನೂ ಹಾಲು ಏರಿಸಲ್ಲ."

"ನನ್ನ ಹಸು ಏರಿಸಿದೆ! ಬನ್ನಿ ಒಳಗೆ, ತೋರಿಸ್ತೀನಿ" ಎಂದು ಹುಲ್ಲು ಸೀಳಿಕೊಂಡು ನುಗ್ಗಿದೆ.

ನಾಲ್ಕೇ ಸಾಲು. ಆಚೆ ಎತ್ತರದ ಹುಲ್ಲೇ ಇಲ್ಲ! ಅಲ್ಲಿ ಎಳೆಹುಲ್ಲು, ಒಂದು ಪಟ್ಟಿ ಮೊಣಕಾಲುದ್ದ, ಇನ್ನೊಂದು ಸೊಂಟದುದ್ದ. ನಡುವೆ ಕುಡುಗೋಲು ಹಿಡಿದ ಮಂಗಮ್ಮ.

"ಕುಯ್ದ ಕಡೆ ಹಿಡಿ ಗೊಬ್ಬರ, ಮೇಲೆ ನೀರು. ನಲವತ್ತು ದಿನಕ್ಕೆ ಮತ್ತೆ ಕುಯ್ಲಿಗೆ ಬತ್ತದೆ" ಎಂದಳು, ಹೆದರದೆ.

"ಮತ್ತೆ ಆ ನಾಲ್ಕು ಸಾಲು?"

"ಅದು ನಿನ್ ಮೀಸೆಗೆ ಬಿಟ್ಟಿದ್ದು."

ಸೋಮಲಿಂಗಪ್ಪನವರು ಬದುವಿನ ಮೇಲೆ ಕೂತು ನಕ್ಕರು. ಬೈಯಲು ಬಾಯಿ ತೆರೆದ ನನಗೂ ನಗುವೇ ಬಂತು. ಕುಡುಗೋಲು ಕಿತ್ತುಕೊಂಡು ಎಳೆಹುಲ್ಲು ನಾನೇ ಕುಯ್ದೆ. ಅಂದಿನಿಂದ ದಿನಕ್ಕೆ ಎರಡು ಹೊರೆ.

ಯುಗಾದಿ ಬೆಳಿಗ್ಗೆ ಮೀನಾಕ್ಷಮ್ಮನವರ ಎರಡು ಸೇರಿನ ತಂಬಿಗೆಯಲ್ಲಿ ನೊರೆ ಉಕ್ಕಿ ಹೊಸ್ತಿಲಿಗೆ ಚೆಲ್ಲಿತು.

"ಏನು ಹಾಕ್ತೀಯಪ್ಪ ಹಸೂಗೆ?" ಎಂದರು.

"ನಂಗೇನು ಗೊತ್ತಮ್ಮ? ಮಂಗಮ್ಮನ್ನ ಕೇಳಿ!" ಎಂದೆ.