ಮಂಡಳಿ ಮಾಡಿದ ಸೂಪರ್‌ವೈಸರ್

"ನಿಮ್ಮ ಲಕೋಟೆ ತೆರೆಯೋದಿಲ್ವಂತೆ, ಮಿಸ್ ವೆರ್ನೆಲ್," ಎಂದ ಫೋನಿನಲ್ಲಿ ಯೂನಿಯನ್ನಿನ ಕಾರ್ವರ್. "ಕಾರ್ಮಿಕ ಮಂಡಳಿ ತೀರ್ಪು ಬಂತು. ನಾವು ಸೋತ್ವಿ."

ವೆರ್ನೆಲ್ ಕೈಯಲ್ಲಿದ್ದ ಮೆಕ್ಕೆಜೋಳದ ಬ್ರೆಡ್ಡಿನ ತುಂಡು ಡಬ್ಬಿಗೆ ಬಿತ್ತು. ಊಟದ ಕೋಣೆಯಲ್ಲಿದ್ದವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಅಲಬಾಮಾದ ಆ ಕಾರಿನ ಸೀಟಿನ ಕಾರ್ಖಾನೆಯಲ್ಲಿ ಯೂನಿಯನ್ ಬೇಕೋ ಬೇಡವೋ ಎಂದು ವಸಂತದಲ್ಲಿ ಮತದಾನ ನಡೆದಿತ್ತು. ಎಣಿಸಿದರೆ ಎರಡೂ ಕಡೆ ಸಮ. ಸಮವಾದರೆ ಯೂನಿಯನ್ ಸೋತ ಹಾಗೆ, ಕಾನೂನೇ ಹಾಗಿದೆ. ಉಳಿದದ್ದು ವೆರ್ನೆಲ್‌ಳ ಒಂದೇ ಓಟು. ಅವಳು ಸೂಪರ್‌ವೈಸರ್, ಅವಳಿಗೆ ಓಟಿನ ಹಕ್ಕಿಲ್ಲ ಎಂದು ಕಂಪನಿ ತಕರಾರು ತೆಗೆದದ್ದರಿಂದ ಅದು ಮುಚ್ಚಿದ ಲಕೋಟೆಯಲ್ಲೇ ಸರ್ಕಾರದ ಕಾರ್ಮಿಕ ಮಂಡಳಿಯ ಕಚೇರಿಯಲ್ಲಿ ಕೂತಿತ್ತು.

ಸೂಪರ್‌ವೈಸರಂತೆ! ಸೀಟು ಜೋಡಿಸುವ ಲೈನಿಗೆ ಮುಂದಾಳು ಅಂತ ಬೆನ್ನ ಮೇಲೆ 'ಲೀಡ್' ಎಂದು ಬರೆದ ಹಳದಿ ಅಂಗಿಯೊಂದನ್ನು ಬಿಟ್ಟರೆ ಕಂಪನಿ ಅವಳಿಗೆ ಕೊಟ್ಟದ್ದಾದರೂ ಏನು? ಉಳಿದವರ ಹಾಗೇ ಗಂಟೆ ಲೆಕ್ಕದ ಕೂಲಿ. ಬಚ್ಚಲಿಗೆ ಹೋಗಬೇಕಾದರೂ ಕೈಯೆತ್ತಿ ಕೇಳಬೇಕು.

"ಯಾಕಂತೆ?"

ಕಾರ್ವರ್ ತಡವರಿಸಿದ. "ವಿಚಾರಣೇಲಿ ನೀವು ಹೇಳಿದ್ದನ್ನೇ ಎತ್ತಿ ಬರೆದಿದಾರೆ."

ಯಾವ ಮಾತೆಂದು ಅವಳು ಕೇಳಲಿಲ್ಲ. ಕಂಪನಿಯ ವಕೀಲ ಜೇನು ಸುರಿಸುತ್ತ, "ಮೇಡಂ, ಒಂದು ದಿನ ನೀವು ಬರದಿದ್ರೆ ಆ ಲೈನಿನ ಗತಿ ಏನು?" ಎಂದು ಕೇಳಿದ್ದ. ಆ ಕಾರ್ಖಾನೆಗೆ ಸೇರಿದವರು ಯಾರೂ ಅವಳನ್ನು ಅದುವರೆಗೆ ಮೇಡಂ ಎಂದಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ದೇವರ ಮಹಿಮೆಗೆ ಸಾಕ್ಷಿ ಹೇಳುವವಳ ಹಾಗೆ ಎದೆಯುಬ್ಬಿಸಿಕೊಂಡು, "ನಾನಿಲ್ದೆ ಆ ಲೈನು ಒಂದಿಂಚು ಅಲ್ಲಾಡಲ್ಲ ಸ್ವಾಮಿ. ಯಾರು ಎಲ್ಲಿ ನಿಲ್ಬೇಕು ಅಂತ ಹೇಳೋಳೇ ನಾನು," ಎಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲಸ ಹಂಚುವವರೇ ಕಾನೂನಿನ ಕಣ್ಣಿಗೆ ಸೂಪರ್‌ವೈಸರ್; ಆಗಲೇ ಕಾರ್ವರ್ ತಲೆಯ ಮೇಲೆ ಕೈ ಹೊತ್ತಿದ್ದ.

"ಇನ್ನೊಂದು," ಎಂದ ಅವನು ಈಗ. "ಸೂಪರ್‌ವೈಸರಿಗೆ ಈ ಕಾನೂನಿನ ರಕ್ಷಣೆ ಇಲ್ಲ. ನಾಳೆ ನಿಮ್ಮನ್ನ ಕಿತ್ತುಹಾಕಿದ್ರೂ ಕೇಳೋರಿಲ್ಲ. ಸ್ವಲ್ಪ ತಗ್ಗಿ ಬಗ್ಗಿ ನಡೀರಿ."

ಸುದ್ದಿ ಕೇಳಿದ ಮೇಲೆ ಮೊದಲು ಬಾಯಿಬಿಟ್ಟವಳು ರೊಶೆಲ್, ಅಂಟು ಸಿಂಪಡಿಸುವ ಜಾಗದಲ್ಲಿ ನಿಲ್ಲುವವಳು. "ಸೀಟಿಗಲ್ಲ ಕಣಕ್ಕ, ನಿನ್ನ ಬಾಯಿಗೆ ಹಾಕ್ಬೇಕಿತ್ತು ಅಂಟು."

ಯಾರೂ ನಗಲಿಲ್ಲ. ಹೋದ ಬೇಸಿಗೆಯಲ್ಲಿ ಅದೇ ಅಂಟಿನ ಘಾಟಿಗೆ ತಲೆತಿರುಗಿ ಬಿದ್ದವಳೂ ಅವಳೇ. ಬೆಲ್ಟ್ ನಿಲ್ಲಿಸುವ ಕೆಂಪು ಗುಂಡಿ ಒತ್ತಲು ಓಡಿದ ವೆರ್ನೆಲ್‌ಳ ಕೈಯನ್ನು ಮ್ಯಾನೇಜರ್ ಪ್ರೂಯಿಟ್ ಹಿಡಿದು ನಿಲ್ಲಿಸಿದ್ದ. "ಬೆಲ್ಟ್ ನಿಲ್ಸೋಕೆ ನೀನ್ಯಾರೆ? ಅದು ಸೂಪರ್‌ವೈಸರ್ ಕೆಲಸ. ಕೂಲಿಯೋಳು ಕೂಲಿಯೋಳ ಹಾಗಿರು." ರೊಶೆಲ್ ನೆಲದ ಮೇಲೆ ಬಿದ್ದಿದ್ದಳು, ಪಕ್ಕದಲ್ಲೇ ಬೆಲ್ಟ್ ಓಡುತ್ತಿತ್ತು. ಯೂನಿಯನ್ನಿನ ಮಾತು ಹುಟ್ಟಿದ್ದೇ ಆ ದಿನ.

ಗಂಟೆ ಹೊಡೆಯಿತು, ಬೆಲ್ಟ್ ಹೊರಟಿತು. ಅಂಟಿನ ಹೊಗೆ ಎಳೆಯುವ ಫ್ಯಾನು ಕೆಟ್ಟು ಒಂದು ವಾರವಾಗಿದ್ದರೂ ರಿಪೇರಿಗೆ ಯಾರೂ ಬಂದಿರಲಿಲ್ಲ. ತಗಡಿನ ಸೂರಿನ ಕೆಳಗೆ ಕಾರ್ಖಾನೆ ಬೇಯುತ್ತಿತ್ತು. ಸ್ವಲ್ಪ ಹೊತ್ತಿಗೆ ರೊಶೆಲ್ ಮೇಜನ್ನು ಹಿಡಿದುಕೊಂಡದ್ದನ್ನು ವೆರ್ನೆಲ್ ನೋಡಿದಳು. ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ವೆರ್ನೆಲ್‌ಗೆ ಮೈಯೆಲ್ಲ ಉರಿದುಹೋಯಿತು. ಆ ವಕೀಲನ ಜೇನಿನ ಮೇಲೆ, ಈ ಘಾಟನ್ನು ಒಂದು ದಿನವೂ ಮೂಸದೆ ತೀರ್ಪು ಬರೆದ ಮಂಡಳಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಮೇಡಂ ಅನ್ನಿಸಿಕೊಂಡು ಉಬ್ಬಿದ ತನ್ನ ಮೇಲೆ. ಕಾರ್ವರ್ ಹೇಳಿದ್ದು ನೆನಪಿತ್ತು. ನೆಟ್ಟಗೆ ನಡೆದು ಕೆಂಪು ಗುಂಡಿ ಗುದ್ದಿದಳು.

ಬೆಲ್ಟ್ ನಿಂತಿತು. ಪ್ರೂಯಿಟ್ ಓಡಿ ಬಂದ. "ಯಾರು ನಿಲ್ಸಿದ್ದು?"

"ಸೂಪರ್‌ವೈಸರ್."

"ಯಾವ ಸೂಪರ್‌ವೈಸರ್?"

"ನಿಮ್ಮ ವಕೀಲರನ್ನ ಕೇಳಿ. ಅಷ್ಟೊಂದು ಕಷ್ಟಪಟ್ಟು ನೀವೇ ಮಾಡಿಸಿದ್ದಲ್ವಾ ನನ್ನ?"

"ಇವತ್ತೇ ಮನೆಗೆ ಕಳಿಸ್ತೀನಿ ನಿನ್ನ!"

"ಕಳಿಸಿ. ಅಲ್ಲೀವರೆಗೆ ನಾನು ಸೂಪರ್‌ವೈಸರ್ರೇ." ಅವಳು ಲೈನಿನ ಕಡೆ ತಿರುಗಿ ಕೂಗಿದಳು. "ಫ್ಯಾನು ತಿರುಗೋವರೆಗೆ ಯಾರೂ ಅಂಟು ಮುಟ್ಬೇಡಿ! ಆರ್ಡರ್ ಇದು!"

ಯಾರೂ ಅಲುಗಲಿಲ್ಲ. ಆಮೇಲೆ ಲೈನಿನ ಆ ಕೊನೆಯಲ್ಲಿ ಯಾರೋ ಸಿಂಪಡಿಸುವ ಗನ್ನನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

ಸಿದ್ಧವಾಗಿ ಸಾಲಾಗಿಟ್ಟಿದ್ದ ಸೀಟೊಂದರ ಪ್ಲಾಸ್ಟಿಕನ್ನು ವೆರ್ನೆಲ್ ಹರಿದು ತೆಗೆದಳು. "ಕೂತ್ಕೊ."

"ಕೊಳೆಯಾಗುತ್ತೆ ಅಕ್ಕ," ಎಂದಳು ರೊಶೆಲ್.

"ಆಗ್ಲಿ."

ರೊಶೆಲ್ ಅಂಜುತ್ತ ಕೂತು, ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಇಷ್ಟು ವರ್ಷ ಮಾಡಿ ಕಳಿಸಿದ ಸೀಟಿನಲ್ಲಿ ಇಬ್ಬರೂ ಒಮ್ಮೆಯೂ ಕೂತವರಲ್ಲ. ವೆರ್ನೆಲ್ ಪಕ್ಕದ ಸೀಟಿನ ಪ್ಲಾಸ್ಟಿಕನ್ನೂ ಹರಿದು ತಾನೂ ಕೂತಳು. ಪ್ರೂಯಿಟ್ ನಿಂತೇ ಇದ್ದ.